ಚಳಿಗಾಲದ ಪಾಪು

ಲಾಯಿಲದ ರಸ್ತೆಬದಿಯಲ್ಲಿ ಮರ ಕಡಿದಾಗ ಕೆಳಗೆ ಬಿದ್ದ ಕಾಡುಪಾಪವನ್ನು ಅಪ್ಪ ಮನೆಗೆ ತಂದರು. ದೊಡ್ಡ ಕಣ್ಣಿನ, ಬಾಲವಿಲ್ಲದ, ಅಂಗೈಯಲ್ಲಿ ಹಿಡಿಯುವಷ್ಟು ಮರಿ. ಆಗ ಧನುರ್ಮಾಸದ ಚಳಿ. ಅಮ್ಮನ ಕೈಗೂಸು ತೀರಿಕೊಂಡು ತಿಂಗಳಾಗಿತ್ತು ಎಂದು ನನ್ನ ನೆನಪು. ಅಪ್ಪ ಎರಡು ತಿಂಗಳು ಎನ್ನುತ್ತಿದ್ದರು. ಕೂಸನ್ನು ಪಾಪು ಎಂದು ಕರೆಯುತ್ತಿದ್ದೆವು. ಮರಿಯನ್ನೂ ಹಾಗೇ ಕರೆದೆವು, ಯಾರೂ ತಡೆಯಲಿಲ್ಲ.

ಅಮ್ಮ ಅದನ್ನು ಒಲೆಯ ಹತ್ತಿರ ಬುಟ್ಟಿಯಲ್ಲಿ ಮಲಗಿಸಿ, ಮಿಡತೆ ಹಿಡಿದು ತಿನ್ನಿಸುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದೇನೆಂದು ಹೇಳಲಾರೆ.

ಒಂದು ದಿನ ಮಡಂತ್ಯಾರಿನ ಜವಳಿ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನ ಬ್ಯಾರಿಗೆ ಕೂಸಿನ ಸಾವಿನ ಸುದ್ದಿ ಮುಟ್ಟಿರಲಿಲ್ಲ.

“ಏನಕ್ಕ, ಈಚೆ ಬರ್ಲೇ ಇಲ್ಲ ಮಾರಾಯ್ರೆ! ಪಾಪು ಹೇಗುಂಟು?”

“ಉಂಟು. ನಿನ್ನೆಯಿಂದ ಸರಿ ತಿನ್ತದೆ,” ಎಂದಳು ಅಮ್ಮ. “ಚಳಿ ಹೋದ್ಮೇಲೆ ಬಿಡ್ತೇವೆ.”

“ಬಿಡೂದಾ? ಎಲ್ಲಿಗೆ?”

“ಮರಕ್ಕೆ.”

ಬ್ಯಾರಿ ಜೋರಾಗಿ ನಕ್ಕರು. “ಅಷ್ಟು ಪೋಕ್ರಿಯಾ ಅದು! ಇದು ಹಾಕಿ, ಚಳಿಗೆ ಒಳ್ಳೇದು,” ಎಂದು ಉಣ್ಣೆಯ ಪುಟ್ಟ ಟೊಪ್ಪಿಯೊಂದನ್ನು ಮುಂದಿಟ್ಟರು.

ಅಮ್ಮ ಅದನ್ನು ಮುಷ್ಟಿಯ ಮೇಲೆ ತೊಡಿಸಿ ನೋಡಿದಳು.

“ಇದಕ್ಕಿಂತ ಸಣ್ಣದು ಉಂಟಾ?” ಎಂದು ಕೇಳಿದಳು.