ಇಳಿಜಾರಿನ ಆವರೇಜು

ಹೋದ ವಾರ ಕಾರವಾರದಿಂದ ಮಡಗಾಂವಿಗೆ ಬರುವ ಬಸ್ಸಿನಲ್ಲಿ, ಕರಮಲ ಘಾಟ್ ಇಳಿಯುವಾಗ ಬ್ರೇಕು ಕಾದ ವಾಸನೆ ಬಂತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು ಕಿಟಕಿಯಾಚೆ ನೋಡಿದರು, ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡರೇನೋ. ನಾನು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತೆ. ಓಡುತ್ತಿದೆ, ಇನ್ನೂ ಓಡುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಂಡಕ್ಟರು ನನ್ನ ಮುಖ ನೋಡಿ, "ಉಲ್ಟಿ ಯೆತಾ ಕಿತೆಂ?" ಎಂದು ವಾಂತಿಗೆ ಪ್ಲಾಸ್ಟಿಕ್ ಚೀಲ ತಂದುಕೊಟ್ಟ. ಹೊಟ್ಟೆ ಬಂದು ಕೂದಲು ಹೋದ ಗಂಡಸು ಘಾಟಿಗೆ ಹೆದರುತ್ತಾನೆ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು? ಚೀಲ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡೆ.

ಈ ಹೆದರಿಕೆ ಹಳೆಯದು. ಗೋವಾದ ಬಾಯ್ನಾ ಕಡಲದಂಡೆಯಲ್ಲಿ ನಮ್ಮ ಕಡೆಯವರ ಮನೆಗಳನ್ನು ಸರಕಾರ ಕೆಡವಿದ ಮರುವರ್ಷ ನಾನು ಅಲ್ಲೇ ಹತ್ತಿರದ ಸಾಂಕೋಲೆಯಲ್ಲಿ, ಕ್ರೇನ್ ಕೂರಿಸಿದ ಲಾರಿಯೊಂದರ ಮೇಲೆ ಖಲಾಸಿಯಾಗಿದ್ದೆ. ಸರಕಿಗೆ ಪಟ್ಟಿ ಸುತ್ತಿ, ಕೊಕ್ಕೆಗೆ ಸಿಕ್ಕಿಸಿ, "ಎತ್ತು, ಇಳಿಸು" ಎಂದು ಕೈಸನ್ನೆ ಮಾಡುವುದು ನನ್ನ ಕೆಲಸ. ಪಿಯುಸಿ ಎರಡು ಸಲ ಬರೆದು ಒಂದು ಸಲ ಪಾಸಾದವನು ಇಂಥ ಕೆಲಸ ಮಾಡುವುದೇ ಎಂಬ ಜಂಬ ಬೇರೆ. ಡ್ರೈವರು ಮಲ್ಲಪ್ಪಣ್ಣ, ಮುದ್ದೇಬಿಹಾಳದ ಕಡೆಯವನು. ಲಾರಿ ಓಡಿಸುವುದೂ ಅವನೇ, ಕ್ರೇನ್ ಆಡಿಸುವುದೂ ಅವನೇ. ಬಾಯ್ನಾದಲ್ಲಿ ಅವನ ಮನೆಯೂ ಹೋಗಿತ್ತು. ಮಾಲೀಕ ತನ್ನ ಯಾರ್ಡಿನ ಮೂಲೆಯಲ್ಲಿ ಒಂದು ಕೋಣೆ ಕೊಟ್ಟಿದ್ದ. ಹೆಂಡತಿ ಗಂಗವ್ವ, ಇಬ್ಬರು ಹೆಣ್ಣುಮಕ್ಕಳು ಅದರಲ್ಲೇ ಇದ್ದರು. ಸ್ಟೇರಿಂಗ್ ಕೈಯಲ್ಲಿರುವವರೆಗೆ ಕೋಣೆ, ಇಲ್ಲದಿದ್ದರೆ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾಲೀಕನನ್ನು ನಾವೆಲ್ಲ ಪಾತ್ರಾಂವ ಎನ್ನುತ್ತಿದ್ದೆವು, ಗೋವಾದಲ್ಲಿ ಧಣಿಗೆ ಹಾಗೆಯೇ ಅನ್ನುವುದು. ಕೆಟ್ಟವನಲ್ಲ, ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: "ಆವರೇಜ್ ಕಿತ್ಲೆಂ ರೇ?" ಸಾಲೆಯಲ್ಲಿ ಆವರೇಜ್ ಎಂದರೆ ಸರಾಸರಿ ಎಂದು ಕಲಿಸಿದ್ದರು. ಲಾರಿಯವರಲ್ಲಿ ಅದಕ್ಕೆ ಒಂದೇ ಅರ್ಥ, ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರು. ನಮ್ಮ ಹಳೆಯ ಲಾರಿಗೆ ಆರು ಸಿಲಿಂಡರಿನ ದೊಡ್ಡ ಇಂಜಿನ್ನಿತ್ತು. ಕುಡಿಯುವುದೂ ಹಾಗೆಯೇ. ಮಲ್ಲಪ್ಪಣ್ಣ ಅದನ್ನು ಆನಿ ಎಂದು ಕರೆಯುತ್ತಿದ್ದ. ಪಾತ್ರಾಂವ ಆನೆಯನ್ನು ಮಾರಿ, ನಾಲ್ಕು ಸಿಲಿಂಡರಿನ ಸಣ್ಣ ಲಾರಿ ತಂದ. ಆದರೆ ಹಳೆಯ ಕ್ರೇನನ್ನೇ ಬಿಚ್ಚಿ ಹೊಸದರ ಬೆನ್ನಿಗೆ ಕೂರಿಸಿದ. ಮಲ್ಲಪ್ಪಣ್ಣ ಒಂದು ಸುತ್ತು ಹಾಕಿ ನೋಡಿ, "ಆಕಳ ಕರದ ಮ್ಯಾಲ ಆನಿ ಅಂಬಾರಿ ಇಟ್ಟಾರ" ಎಂದ.

ಸಣ್ಣ ಇಂಜಿನ್ ಕಡಿಮೆ ಕುಡಿಯಬೇಕು ತಾನೇ? ರಸ್ತೆಯಲ್ಲಿ ಕಡಿಮೆ ಕುಡಿಯಲಿಲ್ಲ ಅಂತಲ್ಲ. ಆದರೆ ಕ್ರೇನ್ ಲಾರಿಯ ಕಥೆಯೇ ಬೇರೆ. ಕ್ರೇನು ನಡೆಯುವುದು ಅದೇ ಇಂಜಿನ್ನಿನ ಬಲದಿಂದ. ಗಂಟೆಗಟ್ಟಲೆ ನಿಂತಲ್ಲೇ ನಿಂತು ಎತ್ತುತ್ತೀರಿ, ಇಳಿಸುತ್ತೀರಿ. ಡೀಸೆಲ್ ಖಾಲಿಯಾಗುತ್ತದೆ, ಕಿಲೋಮೀಟರ್ ಮುಳ್ಳು ಮಾತ್ರ ಕದಲುವುದಿಲ್ಲ. ಸಣ್ಣ ಇಂಜಿನ್ನಾದರೆ ಭಾರ ಎತ್ತುವಾಗ ಇನ್ನಷ್ಟು ಒದರಿಸಬೇಕು. ಪಾತ್ರಾಂವನಿಗೆ ಇದನ್ನು ಹೇಳಿದರೆ, ಹೊಸ ಗಾಡಿ ಕೊಟ್ಟರೂ ಆವರೇಜ್ ಬರದಿದ್ದರೆ ಗಾಡಿಯ ತಪ್ಪೋ ಡ್ರೈವರಿನ ತಪ್ಪೋ ಎಂದು ಕೇಳಿದ. ಇನ್ನೊಂದು ತಿಂಗಳು ನೋಡುತ್ತೇನೆ, ಆಮೇಲೆ ಬೇರೆ ಡ್ರೈವರು ಎಂದ. ಅಂದು ಮಲ್ಲಪ್ಪಣ್ಣ ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೆಯೇ ಇಟ್ಟ.

ಆಗ ನನ್ನ ಪಿಯುಸಿ ಎದ್ದು ನಿಂತಿತು. ಓದಿದವನಿಗೆ ತಲೆಯಿದೆ ಎಂದು ತೋರಿಸಲು ಇಂಥ ಅವಕಾಶ ಮತ್ತೆ ಸಿಗುತ್ತದೆಯೇ?

"ಅಣ್ಣಾ, ನಿಂತಾಗ ಕುಡಿದದ್ದನ್ನ ಇಳುಕಲದಾಗ ಉಳಸೂಣು" ಎಂದೆ. "ಇಳುಕಲ ಬಂದಕೂಡ್ಲೆ ಇಂಜಿನ್ ಬಂದ್ ಮಾಡಿಬಿಡು. ಗಾಡಿ ತಾನ ಓಡತೈತಿ, ಡೀಸೆಲ್ ಒಂದ್ ಹನಿ ಹೋಗೂದಿಲ್ಲ."

"ಗಾಳಿ ಬ್ರೇಕ್ ಐತ್ಯಪಾ ಇದಕ್ಕ. ಇಂಜಿನ್ ಬಂದಾದ್ರ ಗಾಳಿ ಎಲ್ಲಿಂದ ಬರತೈತಿ?"

"ಗಾಳಿ ಟಾಂಕಿ ತುಂಬಿರತೈತಲ್ಲ. ನಾಕ್ ಸಲ ಒತ್ತಾಕ ಸಾಕು."

ನಾಲ್ಕು ಸಲ ಎಂಬುದನ್ನು ಎಲ್ಲಿಂದ ತಂದೆನೋ, ಇವತ್ತಿಗೂ ಗೊತ್ತಿಲ್ಲ. ಹೇಳುವಾಗ ಮಾತ್ರ ಪುಸ್ತಕದಲ್ಲಿ ಓದಿದವನ ಹಾಗೆ ಹೇಳಿದೆ. ನನಗಿಂತ ಹದಿನೈದು ವರ್ಷ ದೊಡ್ಡವನು, ಅರ್ಧ ಆಯುಷ್ಯ ಸ್ಟೇರಿಂಗಿನ ಹಿಂದೆ ಕಳೆದವನು, ಓದಿದ ಹುಡುಗ ಹೇಳುತ್ತಿದ್ದಾನೆ ಎಂದು ನಂಬಿದ. ಅಥವಾ ನಂಬದೆ ಅವನಿಗೆ ಬೇರೆ ದಾರಿಯಿರಲಿಲ್ಲ.

ಮೊದಲು ಸಾಂಕೋಲೆಯ ಸಣ್ಣಪುಟ್ಟ ಇಳಿಜಾರಿನಲ್ಲಿ ಮಾಡಿ ನೋಡಿದೆವು. ಏನೂ ಆಗಲಿಲ್ಲ. ತಿಂಗಳ ಕೊನೆಗೆ ಆವರೇಜ್ ಏರಿತು, ಪಾತ್ರಾಂವ ಮಲ್ಲಪ್ಪಣ್ಣನ ಬೆನ್ನು ತಟ್ಟಿದ. ಗಂಗವ್ವ ನನಗೆಂದೇ ಶೇಂಗಾದ ಹೋಳಿಗೆ ಮಾಡಿ, "ತಮ್ಮಾ, ನೀ ಇದ್ದದ್ದಕ್ಕ ಈ ಸೂರು ಉಳೀತು" ಎಂದಳು. ನಾನು ಐದು ಹೋಳಿಗೆ ತಿಂದೆ.

ಆಮೇಲೊಂದು ದಿನ ಕಾಣಕೋಣದ ಹೋಟೆಲಿಗೆ ಜನರೇಟರ್ ಒಯ್ಯಬೇಕಾಯಿತು. ಬೆಳಗಿನ ಹತ್ತು ಗಂಟೆ. ಕರಮಲ ಘಾಟನ್ನು ಏದುಸಿರು ಬಿಡುತ್ತ ಹತ್ತಿದೆವು. ಮೇಲೆ ಬಂದಾಗ ಮಲ್ಲಪ್ಪಣ್ಣ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಇಂಜಿನ್ ಬಂದ್ ಮಾಡಿದ.

ಅಂಥ ಮೌನವನ್ನು ನೀವು ಕೇಳಿರಲಾರಿರಿ. ಟಯರಿನ ಸದ್ದು, ಗಾಳಿಯ ಸದ್ದು, ಮೇಲೆ ಕೊಕ್ಕೆ ಟಣಟಣ ಬಡಿಯುವ ಸದ್ದು, ಅಷ್ಟೇ. ಮೊದಲ ತಿರುವಿಗೆ ಬ್ರೇಕ್ ಒತ್ತಿದ, ಲಾರಿ ಬಗ್ಗಿತು. ಎರಡನೆಯದಕ್ಕೂ ಬಗ್ಗಿತು. ಟಾಂಕಿಯಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಪ್ರತಿ ಸಲವೂ ಒಂದಿಷ್ಟು ಕೆಳಗೆ ಬೀಳುವುದನ್ನು ನಾನು ನೋಡುತ್ತಿದ್ದೆ. ನೋಡುತ್ತಿದ್ದೆ, ಹೇಳಲಿಲ್ಲ, ಹೇಳಿದರೆ ನನ್ನ ಲೆಕ್ಕ ತಪ್ಪೆಂದು ಒಪ್ಪಿಕೊಂಡಂತಾಗುತ್ತಿತ್ತು. ಮೂರನೆಯ ತಿರುವು ದಾಟುವಾಗ ಗಾಳಿ ಮುಗಿಯಿತೆಂದು ಬಜರು ಪೀಂಪೀಂ ಎಂದು ಕೂಗತೊಡಗಿತು. ಎದುರಿಗೆ ಬಸ್ಸೊಂದು ನಿಂತಿತ್ತು. ಬೀಚಿನಲ್ಲಿ ಮಣಿಸರ ಮಾರುವ ನಮ್ಮ ಕಡೆಯ ಹೆಂಗಸರು ಗಂಟು ಹೊತ್ತು ಅದನ್ನು ಹತ್ತುತ್ತಿದ್ದರು.

"ಗಟ್ಟಿ ಹಿಡಕೋ!" ಎಂದು ಮಲ್ಲಪ್ಪಣ್ಣ ಕೂಗಿ ಚಾವಿ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು. ಹಲ್ಲು ಕಡಿಯುವ ಸದ್ದಿನೊಡನೆ ಗೇರಿಗೆ ತಳ್ಳಿದ. ಇಂಜಿನ್ ಅರಚಿತು, ಲಾರಿಯ ವೇಗ ಇಳಿಯಲಿಲ್ಲ. ದೊಡ್ಡ ಇಂಜಿನ್ ಏರಿನಲ್ಲಿ ಎಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಳಿಜಾರಿನಲ್ಲಿ ಹಿಡಿದುಕೊಳ್ಳುವುದೂ ಅದೇ ಎಂದು ನನಗೆ ಯಾರೂ ಹೇಳಿರಲಿಲ್ಲ. "ಆನಿ ಇದ್ದಿದ್ರ ಹಿಡೀತಿತ್ತೋ" ಎನ್ನುತ್ತ ಅವನು ಸ್ಟೇರಿಂಗನ್ನು ಗುಡ್ಡದ ಕಡೆಗೆ ಎಳೆದ. ಕೆಂಪು ಕಲ್ಲಿನ ಗೋಡೆ ನನ್ನ ಬಾಗಿಲಿಗೆ ಬಂದು ಉಜ್ಜಿತು. ಕನ್ನಡಿ ಹಾರಿಹೋಯಿತು, ಬಾಗಿಲು ಒಳಗೆ ಬಗ್ಗಿತು, ನನ್ನ ಬಾಯಲ್ಲಿ ಮಣ್ಣು ಬಂತು. ಬಸ್ಸಿಗೆ ನಾಲ್ಕು ಮಾರು ಇರುವಾಗ ಲಾರಿ ನಿಂತಿತು. "ಯವ್ವಾ, ಬದುಕಿದಿವಿ" ಎಂದು ಹೆಂಗಸರು ಗಂಟು ಬಿಟ್ಟು ರಸ್ತೆಯಲ್ಲೇ ಕೂತರು.

ಮಧ್ಯಾಹ್ನ ಪಾತ್ರಾಂವ ಬಂದ. ಸೀಳಿದ ಬದಿಯ ಮೇಲೆ ಕೈಯಾಡಿಸಿದ. ಅವನೂ ಹಿಂದೆ ಲಾರಿ ಓಡಿಸಿದವನೇ, ವಾಸನೆ ಹತ್ತಿತ್ತು. ಮಲ್ಲಪ್ಪಣ್ಣನನ್ನು ಬಿಟ್ಟು ನನ್ನನ್ನು ಕೇಳಿದ, ಇಂಜಿನ್ ಬಂದ್ ಮಾಡಿ ಇಳಿಸಿದ್ದು ಹೌದೇ ಅಲ್ಲವೇ, ಯಾರು ಹೇಳಿದ್ದು ಎಂದು.

ಗುಡ್ಡದ ಗೋಡೆ ಬಾಗಿಲಿಗೆ ಬಂದಾಗಲೂ ನಾನು ಅಷ್ಟು ಹೆದರಿರಲಿಲ್ಲ. "ನನಗ ಗೊತ್ತಿಲ್ರಿ. ನಾ ಮಲಗಿದ್ದೆ" ಎಂದೆ.

ಮಲ್ಲಪ್ಪಣ್ಣ ನನ್ನನ್ನು ಒಂದು ಗಳಿಗೆ ನೋಡಿದ. "ಹೌದ್ರಿ, ಅಂವ ಮಲಗಿದ್ದ" ಎಂದ.

ಮೂರನೆಯ ದಿನ ಕೋಣೆ ಖಾಲಿಯಾಯಿತು. ಟ್ರಂಕು ಹೊರಲು ನಾನೇ ಹೋದೆ, ಹೋಗದಿದ್ದರೆ ಅನುಮಾನ ಬಂದೀತೆಂದು. ಗಂಗವ್ವ ಸ್ಟೋವಿನ ಮಸಿ ಒರೆಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ತಮ್ಮಾ, ಖರೇನ ನಿದ್ದಿ ಹತ್ತಿತ್ತೇನು?" ನಾನು ಹೂಂ ಎಂದೆ. ಅವರು ವಿಜಾಪುರದ ಕಡೆಯ ಬಸ್ ಹತ್ತಿದರು. ಆಮೇಲೆ ಅವರ ಸುದ್ದಿಯಿಲ್ಲ. ನಾನು ಹುಡುಕಲೂ ಇಲ್ಲ, ಸಿಕ್ಕಿಬಿಟ್ಟರೆ ಎಂಬ ಭಯ.

ಈಗ ನಾನು ಇನ್ನೊಂದು ಯಾರ್ಡಿನಲ್ಲಿ ಸೂಪರ್‌ವೈಜರ್. ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಆವರೇಜ್ ಎಷ್ಟು ಎಂದು ಕೇಳುವವನು ನಾನೇ, ನೋಡಿ. ಹೋದ ವಾರ ಆ ಬಸ್ಸಿನಿಂದ ಇಳಿದ ಮರುದಿನ ಶಿವಾನಂದ ಎಂಬ ಡ್ರೈವರು ಕಾಣಕೋಣಕ್ಕೆ ಹೋಗಿಬಂದು ಆವರೇಜ್ ಹೇಳಿದ. ಕ್ರೇನ್ ಲಾರಿಗೆ ಅಷ್ಟು ಬರುವುದೇ ಇಲ್ಲ. ಉಳಿದವರು ಭಲೇ ಎಂದರು. ಅವನೊಬ್ಬನನ್ನೇ ಒಳಗೆ ಕರೆದು ಕೂರಿಸಿದೆ.

"ಘಾಟಿನಾಗ ಬಂದ್ ಮಾಡಿ ಇಳಿಸಿದಿ, ಹೌದಿಲ್ಲೋ?"

"ಎಲ್ಲಾರೂ ಮಾಡ್ತಾರ್ರಿ ಸಾಹೇಬ್ರ" ಎಂದು ನಕ್ಕ.

ಇನ್ನು ಮಾಡಬ್ಯಾಡ, ಆವರೇಜ್ ಬೀಳಲಿ, ಮಾಲೀಕರಿಗೆ ನಾನು ಹೇಳುತ್ತೇನೆ ಎಂದೆ. ಅವನು ನಂಬಲಿಲ್ಲ. ಅದಕ್ಕೇ ಮಲ್ಲಪ್ಪಣ್ಣನ ಕಥೆ ಹೇಳಿದೆ, ಯಾರದೋ ಕಥೆಯೆಂಬಂತೆ. ಗಾಳಿಯ ಮುಳ್ಳು, ಬಸ್ಸು, ಖಾಲಿಯಾದ ಕೋಣೆ, ಎಲ್ಲ ಹೇಳಿದೆ. ಅವನ ನಗು ನಿಂತಿತು. ಕುರ್ಚಿ ಮುಂದೆಳೆದು ಕೇಳಿದ: "ಅಲ್ರೀ, ಬಾಜೂಕ ಖಲಾಸಿ ಇದ್ದನಲ್ರಿ? ಅಂವ ಏನ್ ಮಾಡಾಕತ್ತಿದ್ದ?"

ಮಲಗಿದ್ದ ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಎಚ್ಚರಿದ್ದೆ" ಎಂದೆ.