ಬೀಗದ ಕೈ ಯಾರ ವಶದಲ್ಲಿದೆ?

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಟಲೊಳಗೆ ಹತ್ತು ಹನ್ನೆರಡು ಜನ ಬಾಡಿಗೆಗಿದ್ದರು. ಹಲಸೂರಿನ ನಮ್ಮ ವಠಾರದ ಮಾಲೀಕರು, ಶಿವಾಜಿನಗರದ ಬಸ್ಸಿನ ಕಂಡಕ್ಟರು, ಸಂತೆಯಲ್ಲಿ ದಖನಿ ಉರ್ದುವಿನಲ್ಲಿ ಬೈಯುವ ಬಾಳೆಹಣ್ಣಿನ ಸಾಬರು, ಕೋಪ ಬಂದಾಗಿನ ನಮ್ಮಪ್ಪ, ಸಾಲ ಕೇಳುವಾಗಿನ ನಮ್ಮಪ್ಪ. ಯಾರನ್ನು ಬೇಕಾದರೂ ಕರೆದು ಹೊರಗೆ ಕೂರಿಸುತ್ತಿದ್ದೆ. ನನ್ನ ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ ಬಿಡಿ. ಮೂಗಿನಿಂದ ಹೊರಡುವ ಕೀರಲು ದನಿ, ಶೀತವಾದ ಪೀಪಿಯ ಹಾಗೆ.

ಆಗ ನನಗೆ ಇಪ್ಪತ್ತೆರಡು. ಇಂದಿರಾನಗರದ ಕಡೆ ಒಂದು ಸರ್ಕಾರಿ ಇಂಜಿನಿಯರಿಂಗ್ ಕಚೇರಿಯಲ್ಲಿ ದಿನಗೂಲಿ ಟೈಪಿಸ್ಟ್. ವಿಧಾನಸಭೆಯ ಅಧಿವೇಶನ ಶುರುವಾದರೆ ನಮ್ಮ ಕಚೇರಿಗೆ ಜ್ವರ ಬರುತ್ತಿತ್ತು. ಶಾಸಕರು ಮಂತ್ರಿಗಳಿಗೆ ಬರೆದು ಪ್ರಶ್ನೆ ಕೇಳುತ್ತಾರೆ, ಮಂತ್ರಿಗಳು ಬರೆದು ಉತ್ತರ ಕೊಡುತ್ತಾರೆ ಎಂದು ಪೇಪರು ಓದುವವರು ತಿಳಿದಿರುತ್ತಾರೆ. ಪ್ರಶ್ನೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಮ್ಮಂಥ ಕಚೇರಿಯ ಫ್ಯಾಕ್ಸಿಗೆ ಬಂದು ಬೀಳುತ್ತಿತ್ತು. ಸಂಜೆ ನಾಲ್ಕರೊಳಗೆ ಮಾಹಿತಿ ಮೇಲಕ್ಕೆ ಹೋಗಬೇಕು. ಉತ್ತರದ ಕರಡನ್ನು ಎಷ್ಟೋ ಸಲ ನಾನೇ ಟೈಪ್ ಮಾಡುತ್ತಿದ್ದೆ.

ಅದಕ್ಕೊಂದು ಅಚ್ಚು ಇತ್ತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಇಂಥ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? (ಇ) ವಿಳಂಬಕ್ಕೆ ಕಾರಣಗಳೇನು? ಬಲಗಡೆ (ಅ) ಎದುರಿಗೆ ‘ಇಲ್ಲ’ ಎಂದು ಒಂದೇ ಒಂದು ಸಲ ಹೊಡೆದುಬಿಟ್ಟರೆ ಮುಗಿಯಿತು, ಕೆಳಗಿನ ಎರಡಕ್ಕೂ ‘ಉದ್ಭವಿಸುವುದಿಲ್ಲ’. ಈ ಪದ ನನ್ನ ಮಿಮಿಕ್ರಿಯ ಮುಖ್ಯ ಐಟಂ ಆಗಿತ್ತು. ಮಂತ್ರಿಗಳ ಗತ್ತಿನಲ್ಲಿ ಶಾಲು ಸರಿಮಾಡಿಕೊಂಡು, ಗಂಟಲು ಕೆರೆದು, ‘ಉದ್‌...ಭವಿಸುವುದಿಲ್ಲ’ ಎಂದರೆ ಕಚೇರಿಯ ಕ್ಲಾರ್ಕುಗಳು ಚಹಾ ಚೆಲ್ಲಿಕೊಂಡು ನಗುತ್ತಿದ್ದರು.

ವಠಾರದಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಸೊಪ್ಪಿನಕ್ಕ ಇದ್ದಳು. ಮನೆಮಾತು ತಮಿಳು, ಕನ್ನಡ ಸರಾಗ, ಓದು ಬರಹ ಎರಡರಲ್ಲೂ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಹತ್ತಿರದ ಸಣ್ಣ ಸಂತೆಯೊಂದರಲ್ಲಿ ಸೊಪ್ಪು ಹಾಕಿಕೊಂಡು ಕೂತರೆ ಏಳುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿ ಕೂರುವ ಹೆಂಗಸರು ಯಾರೂ ನೀರಿನ ಬಾಟಲಿ ತರುತ್ತಿರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಅವರಿಗೆಂದೇ ಕಟ್ಟಿಸಿದ ಶೌಚಾಲಯವೊಂದು ಸಂತೆಯ ಮೂಲೆಯಲ್ಲಿತ್ತು. ಕಟ್ಟಿದ ದಿನದಿಂದ ಅದಕ್ಕೆ ಬೀಗ. ಕಂಟ್ರಾಕ್ಟರ್ ಅದರೊಳಗೆ ಸಿಮೆಂಟ್ ಮೂಟೆ ಪೇರಿಸಿಟ್ಟಿದ್ದ. ಅಕ್ಕನಿಗೆ ಉರಿಮೂತ್ರ ಶುರುವಾಗಿತ್ತು. ನೀರು ಕುಡಿಯದಿದ್ದರೆ ಕಿಡ್ನಿ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು.

ಒಂದು ಭಾನುವಾರ ನನ್ನನ್ನು ಕರೆದು ಕೂರಿಸಿಕೊಂಡಳು.

“ತಂಬಿ, ಎಮ್ಮೆಲ್ಲೆಗೆ ಒಂದು ಅರ್ಜಿ ಬರಿ. ಕಕ್ಕಸ್ಸಿಗೆ ಬೀಗ ಹಾಕವ್ರೆ, ತೆಗಿಸಿಕೊಡಿ ಅಂತ. ಅಷ್ಟೇ.”

“ಅಷ್ಟೇ ಬರೆದ್ರೆ ಯಾರ್ ಓದ್ತಾರೆ ಅಕ್ಕ? ನೋಡ್ತಿರು, ಓದಿದವರು ಕಣ್ಣೀರು ಹಾಕ್ಬೇಕು.”

‘ಮಹಿಳಾ ವ್ಯಾಪಾರಿಗಳಿಗೆ ಶೌಚಾಲಯವೆಂಬುದೇ ಇಲ್ಲದೆ’ ಎಂದು ಶುರುಮಾಡಿ, ‘ಮಾನವೀಯತೆಯೇ ತಲೆತಗ್ಗಿಸುವಂತೆ’ ಎಂದು ಮುಗಿಸಿದೆ. ಆ ಭರದಲ್ಲಿ ಬೀಗದ ಮಾತೇ ಬಿಟ್ಟುಹೋಯಿತು. ಅವಳು ಹೇಳಿದ ಒಂದೇ ಒಂದು ನಿಜವಾದ ಸಂಗತಿ ಅದು. ಹದಿನಾರು ಹೆಂಗಸರು ಹೆಬ್ಬೆಟ್ಟು ಒತ್ತಿದರು.

ಶಾಸಕರು ಒಳ್ಳೆಯವರೇ ಇದ್ದಿರಬೇಕು. ಮುಂದಿನ ಅಧಿವೇಶನದಲ್ಲಿ ಒಂದು ಬೆಳಿಗ್ಗೆ ನಮ್ಮ ಫ್ಯಾಕ್ಸ್ ಕರ್‍ರೆಂದು ಉಗುಳಿದ ಹಾಳೆಯಲ್ಲಿ ‘ಮಹಿಳಾ ವ್ಯಾಪಾರಿಗಳಿಗೆ ಶೌಚಾಲಯವೆಂಬುದೇ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿತ್ತು. ನನ್ನದೇ ವಾಕ್ಯ! ನಾನು ಕುಣಿಯುವುದೊಂದು ಬಾಕಿ. ಹಾಳೆ ಹಿಡಿದು ಇಂಜಿನಿಯರ್ ಸಾಹೇಬರ ಹತ್ತಿರ ಓಡಿದೆ.

ಸಾಹೇಬರು ಧಾರವಾಡದ ಕಡೆಯವರು. ಮೇಲಿನವರು ಏನು ಕೇಳಿದರೂ ‘ಐತ್ರಿ ಸರ, ಎಲ್ಲಾ ಐತ್ರಿ’ ಎನ್ನುವುದು ಅವರ ರೂಢಿ. ಹೊರಮಾವಿನಲ್ಲಿ ಮನೆ ಕಟ್ಟಿಸುತ್ತಿದ್ದರು. ದಿನಾ ಮಧ್ಯಾಹ್ನ ಊಟದ ನೆಪದಲ್ಲಿ ಸ್ಕೂಟರ್ ಹತ್ತಿ ಹೋಗಿ ಪಿಲ್ಲರುಗಳಿಗೆ ನೀರು ಹಾಯಿಸಿ ಬರುತ್ತಿದ್ದರು. ಅಷ್ಟು ಹೊತ್ತು ಫೋನು ನನ್ನ ಪಾಲು. ಈ ಏರ್ಪಾಡು ಅವರದೇ.

“ತಮ್ಮಾ, ಫೋನ್ ಬಂದ್ರ ನೀನ ನಾನಾಗು” ಎಂದು ಕಲಿಸಿಕೊಟ್ಟವರು ಅವರು. ನಾನು ಅವರಾಗುತ್ತಿದ್ದೆ, ಅವರಿಗಿಂತ ಚೆನ್ನಾಗಿಯೇ ಆಗುತ್ತಿದ್ದೆ. ಒಂದು ಸಲ ಅವರ ಹೆಂಡತಿಯೇ ಮೋಸಹೋಗಿ, ಬರುವಾಗ ಹಾಲು ತರಲು ನನಗೆ ಹೇಳಿದ್ದರು.

ಪ್ರಶ್ನೆ ಓದಿ ಸಾಹೇಬರು ತಲೆ ಕೆರೆದುಕೊಂಡರು. “ಕಟ್ಟೇವಲ್ಲಲೇ ಅದನ್ನ?”

“ಬೀಗ ಹಾಕಿದೆ ಸಾರ್. ಒಳಗೆ ಸಿಮೆಂಟ್ ಇದೆ.”

“ಹೌದೇನ?” ಗಡಿಯಾರ ನೋಡಿ ಸ್ಕೂಟರಿನ ಕೀಲಿ ಎತ್ತಿಕೊಂಡರು. “ನಾ ಹೋಗಿ ಬರ್ತೇನಿ. ಬಂದ ಮ್ಯಾಲೆ ಇಬ್ರೂ ಕೂಡೇ ಹೋಗಿ ಕಣ್ಣಾರೆ ನೋಡಿ ಬರೆಯೂಣು. ಅಲ್ಲೀತನಕ ಯಾರ ಕೇಳಿದ್ರೂ ಏನೂ ಹೇಳಬ್ಯಾಡ.”

ಮೂರು ಗಂಟೆಗೆ ಮೇಲಿನ ಕಚೇರಿಯಿಂದ ಫೋನು. ಎದುರಿಗೆ ಇಬ್ಬರು ಕ್ಲಾರ್ಕುಗಳು ಬೋಂಡಾ ತಿನ್ನುತ್ತ, ಇವತ್ತಿನ ಆಟ ಶುರುವಾಯಿತೆಂದು ಕುರ್ಚಿ ಎಳೆದುಕೊಂಡರು. ನಾನು ಸಾಹೇಬರಾದೆ.

“ಹಲೋ, ಹೇಳ್ರಿ ಸರ.”

“ಆ ಸಂತೆ ಟಾಯ್ಲೆಟ್ ಪ್ರಶ್ನೆ ಕಣ್ರೀ. ಇದೆಯೋ ಇಲ್ವೋ? ಒಂದೇ ಮಾತಲ್ಲಿ ಹೇಳಿ, ಫೈಲ್ ಹಿಡ್ಕೊಂಡು ಜನ ನಿಂತಿದಾರೆ.”

“ಐತ್ರಿ ಸರ.”

ಕ್ಲಾರ್ಕೊಬ್ಬ ಬಾಯಿಗೆ ಕರ್ಚೀಫ್ ಒತ್ತಿಕೊಂಡ.

“ಬಳಕೆಲಿದೆಯಾ?”

ಇಲ್ಲಿ ನಾನು ನಿಲ್ಲಬಹುದಿತ್ತು. ‘ನೋಡಿ ಹೇಳ್ತೇನ್ರಿ’ ಎಂದಿದ್ದರೆ ಸಾಕಿತ್ತು. ಎದುರಿನವನ ಭುಜ ಅದುರುತ್ತಿತ್ತು, ಇನ್ನೊಂದು ಮಾತಿಗೆ ಬೋಂಡಾ ಹೊರಗೆ ಬರುವ ಹಾಗಿತ್ತು. ಆ ಇನ್ನೊಂದು ಮಾತು ನನಗೆ ಬೇಕಾಗಿತ್ತು.

“ಬಳಕೀಯೊಳಗ ಐತ್ರಿ ಸರ. ಎಲ್ಲಾ ಐತ್ರಿ!”

ಬೋಂಡಾ ಹೊರಗೆ ಬಂತು. ಫೋನು ಆ ಕಡೆ ಕಟ್ಟಾಯಿತು. ಹೆದರಿಕೆಗೆ ಸುಳ್ಳು ಹೇಳಿದವರನ್ನು ಕಂಡಿದ್ದೇನೆ, ಹೊಟ್ಟೆಪಾಡಿಗೆ ಹೇಳಿದವರನ್ನೂ ಕಂಡಿದ್ದೇನೆ. ಒಂದು ಬೋಂಡಾಗೋಸ್ಕರ ಹೇಳಿದವನನ್ನು ನೋಡಬೇಕಾದರೆ ನಾನು ಕನ್ನಡಿಗೇ ಹೋಗಬೇಕು.

ಸಾಹೇಬರು ಪ್ಯಾಂಟಿನ ಅಂಚೆಲ್ಲ ಕೆಸರು ಮಾಡಿಕೊಂಡು ಮೂರೂವರೆಗೆ ಬಂದರು. ‘ಮೇಲಿನವರೇ ಹಳೆ ಫೈಲ್ ನೋಡಿ ಉತ್ತರ ಹಾಕ್ಕೊಂಡ್ರಂತೆ ಸಾರ್’ ಎಂದೆ. “ಭೇಷ್ ಆತು, ಬಿಡು” ಎಂದು ಅವರು ಕೈತೊಳೆಯಲು ಹೋದರು. ಅದು ಆ ದಿನದ ಎರಡನೆಯ ಸುಳ್ಳು. ಅದನ್ನು ನನ್ನ ದನಿಯಲ್ಲೇ ಹೇಳಿದ್ದೆ.

ತಿಂಗಳ ನಂತರ ಶಾಸಕರ ಮನೆಯಿಂದ ಉತ್ತರದ ಪ್ರತಿ ಅಕ್ಕನ ಕೈಸೇರಿತು. ಓದಿಸಲು ಬಂದದ್ದು ನನ್ನ ಹತ್ತಿರಕ್ಕೇ. ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ವಠಾರದ ನಲ್ಲಿಯ ಹತ್ತಿರ ನಿಂತು ಓದಿದೆ: (ಅ) ಇಲ್ಲ. ಸದರಿ ಸ್ಥಳದಲ್ಲಿ ಮಹಿಳೆಯರ ಶೌಚಾಲಯವಿದ್ದು ಬಳಕೆಯಲ್ಲಿರುತ್ತದೆ. (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ.

“ಅಂಗಂದ್ರೆ ಏನ್ ತಂಬಿ?”

“ಹುಟ್ಟೋದಿಲ್ಲ ಅಂತ. ಪ್ರಶ್ನೇನೇ ಹುಟ್ಟೋದಿಲ್ಲ ಅಂತ ಅಕ್ಕ.”

“ನಂಗೆ ದಿನಾ ಹತ್ತು ಗಂಟೆಗೆ ಹುಟ್ತದಲ್ಲಪ್ಪ!”

ಹೆಂಗಸರೆಲ್ಲ ಗೊಳ್ಳೆಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಅದ್ ಹೆಂಗ್ ಹೇಳಿರ್ತಾನೆ ಆ ಮಂತ್ರಿ, ಒಸಿ ಮಾಡಿ ತೋರ್ಸು” ಎಂದಳು.

ಮಾಡಿ ತೋರಿಸಿದೆ. ಟವೆಲನ್ನೇ ಶಾಲು ಮಾಡಿಕೊಂಡು, ಗಂಟಲು ಕೆರೆದು, ಎರಡು ಸಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗ ಅವಳ ಕೈ ಕಿಬ್ಬೊಟ್ಟೆಯನ್ನು ಒತ್ತಿಕೊಂಡದ್ದು ನಗುವಿಗಲ್ಲ ಎಂದು ನನಗೆ ಗೊತ್ತಿತ್ತು. ಮೂರನೆಯ ಸಲವೂ ಮಾಡಿದೆ.

ಆಮೇಲೆ ಅವಳಿಗೆ ಚಳಿಜ್ವರ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಐದು ದಿನ ಮಲಗಿದಳು. ನಾನು ನೋಡಲು ಹೋದಾಗ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ್ದರು. “ನೋಡು, ಕುಡಿಯಲ್ಲ ಅಂದಿದ್ಕೆ ಕೈಯಾಗೆ ಕುಡಿಸ್ತಾವ್ರೆ” ಎಂದು ತಮಾಷೆ ಮಾಡಿದಳು. ನನಗೆ ತಡೆಯಲಾಗಲಿಲ್ಲ. ಫೋನಿನದ್ದು, ಬೋಂಡಾದ್ದು, ಎಲ್ಲ ಹೇಳಿಬಿಟ್ಟೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಇದು ಯಾರ್ ತರ ಮಾತಾಡ್ತಿದೀಯ?”

“ಯಾರ ತರಾನೂ ಇಲ್ಲ ಅಕ್ಕ. ಇದು ನಂದೇ.”

ಅವಳು ತಲೆ ಹೊರಳಿಸಿ ಬಾಟಲಿಯ ಹನಿಗಳನ್ನು ಎಣಿಸತೊಡಗಿದಳು. ಪಕ್ಕದ ಮಂಚದ ಮುದುಕಿ ಕೆಮ್ಮುತ್ತಿದ್ದಳು. ಕೊನೆಗೆ ಅಕ್ಕ, “ಇನ್ನೊಂದು ಅರ್ಜಿ ಬರಿ. ಈ ಸಲ ನಾನ್ ಹೇಳ್ದಂಗೆ ಬರಿ, ನಿನ್ನ ಕತೆ ಬೇಡ. ಫೋನಲ್ಲಿ ಸುಳ್ ಹೇಳಿದ್ದು ನಾನೇ ಅಂತ ಬರ್ದು ಕೆಳಗೆ ನಿನ್ನ ಹೆಸರು ಹಾಕು” ಎಂದಳು.

“ಹಾಕ್ತೀನಿ ಅಕ್ಕ.”

ಅರ್ಜಿಯನ್ನೇನೋ ಈ ಸಲ ಸರಿಯಾಗಿ ಬರೆದೆ. ಅಷ್ಟು ದಿನ ಆ ಅಚ್ಚಿನೊಳಗೆ ಕೈಯಾಡಿಸಿದವನಿಗೆ ಅದರ ಸಂದಿ ಎಲ್ಲಿದೆ ಎಂದು ಗೊತ್ತಿತ್ತು. ‘ಗಮನಕ್ಕೆ ಬಂದಿದೆಯೇ’ ಎಂದು ಕೇಳಿದರೆ ತಾನೇ ‘ಇಲ್ಲ’ ಎನ್ನುವುದು? ಒಂದೇ ಸಾಲು ಕೇಳಿದೆ: ಸದರಿ ಶೌಚಾಲಯದ ಬೀಗದ ಕೈ ಯಾರ ವಶದಲ್ಲಿದೆ? ಇದಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ, ‘ಉದ್ಭವಿಸುವುದಿಲ್ಲ’ ಎನ್ನಲೂ ಬರುವುದಿಲ್ಲ. ಫೋನಿನ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಬರೆದರೆ ನನ್ನ ದಿನಗೂಲಿ ಆ ದಿನಕ್ಕೇ ಮುಗಿಯುತ್ತಿತ್ತು. ಬರೆಯಲಿಲ್ಲ.

ಕಾರ್ಬನ್ ಪ್ರತಿ ಹಿಡಿದು ಅಕ್ಕನಿಗೆ ಓದಿಹೇಳಿದೆ. ಬರೆಯದೆ ಇದ್ದದ್ದನ್ನೂ ಸೇರಿಸಿ ಓದಿದೆ. “ನಿನ್ನ ಹೆಸರು ಎಲ್ಲದೆ?” ಎಂದಳು. ನನ್ನ ಬೆರಳು ಹಾಳೆಯ ಮೇಲೆ ಅಲೆದಾಡಿ, ‘ಮಾನ್ಯರೇ’ ಎಂಬ ಪದದ ಕೆಳಗೆ ನಿಂತಿತು.

“ಇಲ್ಲಿ ಅಕ್ಕ.”

ಅವಳು ಆ ಪದವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಪ್ರತಿಯನ್ನು ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡಳು.

ಬೀಗದ ಪ್ರಶ್ನೆ ಸದನಕ್ಕೆ ಹೋಯಿತು. ಉತ್ತರ ತಯಾರಾಗುವ ಮೊದಲೇ ಸಿಮೆಂಟ್ ಮೂಟೆಗಳು ಲಾರಿ ಹತ್ತಿದವು, ಬಾಗಿಲು ತೆರೆಯಿತು, ನಲ್ಲಿಯೂ ಬಂತು. ಹಿಂದಿನ ಉತ್ತರ ಸುಳ್ಳಾಗಿದ್ದು ಹೇಗೆ ಎಂಬ ವಿಚಾರಣೆಯೂ ಬಂತು. ಮೇಲಿನ ಕಚೇರಿಯ ಕಡತದಲ್ಲಿ ಸ್ಪಷ್ಟವಾಗಿತ್ತು: ದೂರವಾಣಿ ಮೂಲಕ ಇಂಜಿನಿಯರ್ ಅವರಿಂದಲೇ ಖಚಿತಪಡಿಸಿಕೊಳ್ಳಲಾಗಿದೆ. ಸಾಹೇಬರು ನೋಟಿಸು ಓದಿ ತಲೆಯೆತ್ತಿ ನನ್ನನ್ನೇ ನೋಡಿದರು. ಫೋನಿನಲ್ಲಿದ್ದದ್ದು ತಾನಲ್ಲ ಎಂದು ಅವರು ಹೇಳಬೇಕಾದರೆ ಮೂರು ಗಂಟೆಗೆ ಎಲ್ಲಿದ್ದರೆಂದೂ ಹೇಳಬೇಕು. ಹೊರಮಾವಿನ ಪಿಲ್ಲರು ಸಾಕ್ಷಿ ಹೇಳುವಂತಿಲ್ಲ. ಅವರಿಗೆ ವರ್ಗಾವಣೆಯಾಯಿತು. ಮನೆಗೆ ಇನ್ನೂ ತಾರಸಿ ಬಿದ್ದಿರಲಿಲ್ಲ.

ಹೊರಡುವ ದಿನ ಕಚೇರಿಯ ಹೊರಗೆ ನಾನೇ ಅವರ ಬ್ಯಾಗು ಹಿಡಿದುಕೊಂಡಿದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

“ಏನೂ ಅನಬ್ಯಾಡೋ ತಮ್ಮಾ” ಎಂದರು. “ನನ್ನ ದನಿ ಒಂದು ನನಗ ವಾಪಸ್ ಕೊಟ್ಟಬಿಡು. ಇನ್ನ ಮ್ಯಾಲೆ ಮಾಡಬ್ಯಾಡ.”

ಮಾಡಲಿಲ್ಲ. ಇದನ್ನು ಬರೆಯುವಾಗ ಅವರ ಮಾತುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳದೆ, ತುಟಿ ಮುಚ್ಚಿಕೊಂಡೇ ಬರೆದಿದ್ದೇನೆ.

ಅಕ್ಕ ಸಂತೆಯಲ್ಲೆಲ್ಲ ಸಾರಿದಳು: “ನಮ್ ತಂಬಿ ಹೆಸರ್ ಹಾಕಿ ಬರ್ದ ಕಣ್ರೇ, ಕೆಲ್ಸ ಹೋದ್ರೂ ಹೋಗ್ಲಿ ಅಂತ!” ಹೆಂಗಸರು ನಾನು ಹೋದಲ್ಲೆಲ್ಲ ಪುದೀನ ಕೊತ್ತಂಬರಿ ಕೈಗೆ ತುರುಕುತ್ತಿದ್ದರು. ನಮ್ಮ ಮನೆಯಲ್ಲಿ ಆ ವರ್ಷ ಚಟ್ನಿಯ ಬರಗಾಲವಿರಲಿಲ್ಲ. ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಷ್ಟೇ. ಅಕ್ಕನ ಮೊಮ್ಮಗಳು ಕನ್ನಡ ಶಾಲೆಗೆ ಸೇರಿದ್ದಳು. ಸಂಜೆ ಗೋಡೆಯ ಆಚೆಯಿಂದ ಅ ಆ ಇ ಈ ಕೇಳಿಸುತ್ತಿತ್ತು, ಆಮೇಲೆ ಕಾಗುಣಿತ. ಅವಳು ಒತ್ತಕ್ಷರಕ್ಕೆ ಬಂದ ವರ್ಷ, ಅಕ್ಕನ ಪ್ಲಾಸ್ಟಿಕ್ ಕವರು ನೆನಪಾಗಿ, ನಾನು ಕೆ.ಆರ್. ಪುರದ ಕಡೆ ರೂಮು ಹುಡುಕಿಕೊಂಡೆ. ಕೆಲಸಕ್ಕೆ ಹತ್ತಿರ ಎಂದು ಮನೆಯವರಿಗೆ ಹೇಳಿದೆ. ಯಾವ ಲೆಕ್ಕದಲ್ಲೂ ಹತ್ತಿರವಲ್ಲ.

ನಾಲ್ಕೈದು ವರ್ಷ ಆ ಸಂತೆಯ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ರಸೆಲ್ ಮಾರುಕಟ್ಟೆಯ ಎದುರು ಬಸ್ಸಿನಿಂದ ಇಳಿದಾಗ, ನಿಂಬೆಹಣ್ಣಿನ ಮೂಟೆಯ ಪಕ್ಕ ಆಟೋಗೆ ಕಾಯುತ್ತ ಅವಳು ಕೂತಿದ್ದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಸೆರಗನ್ನು ಶಾಲಿನ ಹಾಗೆ ಹೆಗಲ ಮೇಲೆ ಸರಿಮಾಡಿಕೊಂಡು, ಗಂಟಲು ಕೆರೆದಳು.

“ಏನ್ ಮಾನ್ಯರೇ, ಸೌಖ್ಯವಾ?”

ನನ್ನ ಮಂತ್ರಿಗಿಂತ ಅವಳ ಮಂತ್ರಿ ಚೆನ್ನಾಗಿದ್ದ. ಆಟೋ ಬಂತು. ಮೂಟೆಯ ಒಂದು ಕಡೆ ಹಿಡಿ ಎಂದು ಸನ್ನೆ ಮಾಡಿದಳು, ಹಿಡಿದು ಎತ್ತಿಕೊಟ್ಟೆ. ಕೂತಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ನನ್ನನ್ನೇ ನೋಡುತ್ತ, ಗಟಗಟನೆ ಅರ್ಧ ಕುಡಿದಳು. ಆಮೇಲೆ ಡ್ರೈವರನ ಬೆನ್ನು ತಟ್ಟಿ, “ನಡಿಯಪ್ಪ” ಎಂದಳು.