ಯಜಮಾನ್ರು ಹೇಗಿದಾರಮ್ಮ?

ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸೋದು ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಕೆಲಸ. ಆವತ್ತು ಹುಲಿಯೂರುದುರ್ಗದ ರೋಗಿಯೊಬ್ಬರಿಗೆ ಮಾಡಿದೆ. ಹೆಂಡತಿ ಎತ್ತಿದರು.

"ಯಜಮಾನ್ರು ಹೇಗಿದಾರಮ್ಮ?"

"ಹೋಗ್ಬುಟ್ರು ಕಣಪ್ಪ, ಮೊನ್ನೆ ತಿಥಿನೂ ಆಯ್ತು. ನೀವೊಬ್ರಾದ್ರೂ ಕೇಳಿದ್ರಲ್ಲ, ಅಷ್ಟೇ ಸಾಕು ಬುಡಿ."

ಕಂಪ್ಯೂಟರಿನಲ್ಲಿ ಇದ್ದದ್ದು ಎರಡೇ ಉತ್ತರ: 'ಗುಣಮುಖ', 'ಮತ್ತೆ ಬರಬೇಕು'. ಒಂದನ್ನು ಒತ್ತದೆ ಮುಂದಿನ ನಂಬರ್ ಬರೋದಿಲ್ಲ. ಮತ್ತೆ ಬನ್ನಿ ಅಂತ ಯಾರನ್ನು ಕರೆಯಲಿ? ಮೊದಲನೆಯದನ್ನೇ ಒತ್ತಿದೆ. ಮನಸ್ಸು ತಡೆಯದೆ ಆಕೆಯ ಮಾತನ್ನು ಷರಾದಲ್ಲಿ ಹಾಗೇ ಟೈಪ್ ಮಾಡಿದೆ, ಯಾರಾದರೂ ಓದಲಿ ಅಂತ.

ಓದಿದರು. ಈ ಫೋನ್ ಯೋಜನೆಗೆ ಪ್ರಶಸ್ತಿ ಬಂದ ದಿನ ಗೇಟಿನ ಫ್ಲೆಕ್ಸಿನಲ್ಲಿ ದಪ್ಪಕ್ಷರ: 'ನೀವೊಬ್ರಾದ್ರೂ ಕೇಳಿದ್ರಲ್ಲ, ಅಷ್ಟೇ ಸಾಕು.' ಕೆಳಗೆ ಸತ್ತವರ ಹೆಸರು, ಪಕ್ಕದಲ್ಲಿ 'ಗುಣಮುಖ'.

ನನಗೂ ಶಾಲು ಹೊದಿಸಿದರು. ಬಗ್ಗಿ ಹೊದಿಸಿಕೊಂಡೆ.